ಅವ್ವನ ಬ್ಯಾನಿ ಮಗಳಿಗೂ ಬರ್ತೈತೇನು?

ಅಕ್ಕಲಕೋಟ: ‘ನಮ್ಮವ್ವಗ ನಲವತ್ತು ತುಂಬೂದ್ರೊಳಗ ಎದಿ ಕ್ಯಾನ್ಸರ್ ಆಗಿತ್ತು. ನನಗೂ ಬರ್ತೈತೇನ್ರಿ?’ ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡ ಮನೆಗಳಲ್ಲಿ ಈ ಪ್ರಶ್ನೆ ಬಾಯಿಗೆ ಬರುವುದು ಅಪರೂಪ. ‘ಮನ್ಯಾಗ ಇಂಥ ಬ್ಯಾನಿ ಐತಿ ಅಂತ ಗೊತ್ತಾದ್ರ ಹುಡುಗಿಗೆ ವರ ಸಿಗೂದಿಲ್ಲ’ ಎಂಬ ಹೆದರಿಕೆಯೇ ಬಾಯಿ ಕಟ್ಟುತ್ತದೆ. ತಿಳಿಯಬೇಕಾದ ಮಗಳಿಗೇ ವಿಷಯ ತಿಳಿಯುವುದಿಲ್ಲ.

ಮೊದಲು ಸಮಾಧಾನದ ಮಾತು. ಸ್ತನ ಕ್ಯಾನ್ಸರ್ ಆದ 100 ಜನರಲ್ಲಿ ಸುಮಾರು 5ರಿಂದ 10 ಜನರಿಗೆ ಮಾತ್ರ ಅದು ವಂಶದಿಂದ ಬಂದಿರುತ್ತದೆ. ಆದರೆ ಚಿಕ್ಕ ವಯಸ್ಸಿನಲ್ಲೇ ರೋಗ ಬಂದವರಲ್ಲಿ ಈ ಪಾಲು ಹೆಚ್ಚು. ಆದ್ದರಿಂದ ಇಂಥ ಮನೆತನದವರು ಸುಮ್ಮನೆ ಕೂರುವಂತಿಲ್ಲ.

ಇದರ ಮೂಲ ಹುಡುಕಿದವರು ಅಮೆರಿಕದ ವಿಜ್ಞಾನಿ ಮೇರಿ ಕ್ಲೇರ್ ಕಿಂಗ್. ಕೆಲವು ಮನೆತನಗಳಲ್ಲಿ ರೋಗಕ್ಕೆ ಕಾರಣವಾದ ವಂಶವಾಹಿ 17ನೇ ವರ್ಣತಂತುವಿನಲ್ಲಿದೆ ಎಂದು ಅವರು 1990ರಲ್ಲಿ ತೋರಿಸಿದರು. 1994ರಲ್ಲಿ ಬಿಆರ್‌ಸಿಎ-1, ಮರುವರ್ಷ ಬಿಆರ್‌ಸಿಎ-2 ಪತ್ತೆಯಾದವು. ಜೀವಕೋಶದ ಡಿಎನ್ಎ ಕೆಟ್ಟರೆ ರಿಪೇರಿ ಮಾಡುವುದು ಇವುಗಳ ಕೆಲಸ. ಹುಟ್ಟುವಾಗಲೇ ಇವುಗಳಲ್ಲಿ ದೋಷವಿದ್ದರೆ ರಿಪೇರಿ ತಪ್ಪುತ್ತದೆ.

2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ಮೊದಲನೆಯ ದೋಷವಿರುವ ಮಹಿಳೆಯರಲ್ಲಿ 80ನೇ ವಯಸ್ಸಿನೊಳಗೆ ಶೇ 72, ಎರಡನೆಯದಿರುವವರಲ್ಲಿ ಶೇ 69ರಷ್ಟು ಮಂದಿಗೆ ಸ್ತನ ಕ್ಯಾನ್ಸರ್ ಬರಬಹುದು. ಅಂಡಾಶಯದ ಕ್ಯಾನ್ಸರಿಗೆ ಈ ಲೆಕ್ಕ ಶೇ 44 ಮತ್ತು ಶೇ 17. ಅಂದರೆ ಅಪಾಯ ದೊಡ್ಡದು, ಆದರೆ ಬಂದೇ ತೀರುತ್ತದೆ ಎಂದೇನಿಲ್ಲ.

ಅಪ್ಪನ ಕಡೆಯೂ ನೋಡಬೇಕು

ದೋಷ ತಾಯಿಯಿಂದ ಮಾತ್ರ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ತಂದೆಯಿಂದಲೂ ಬರುತ್ತದೆ. ತಂದೆ ತಾಯಿಯಲ್ಲಿ ಒಬ್ಬರಿಗೆ ದೋಷವಿದ್ದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ದಾಟುವ ಸಾಧ್ಯತೆ ಅರ್ಧದಷ್ಟು.

ಡಾಕ್ಟರು ವಂಶವೃಕ್ಷ ಬರೆದುಕೊಳ್ಳುವಾಗ ನಮ್ಮ ಸಂಬಂಧದ ಹೆಸರುಗಳು ಗೊಂದಲ ಮಾಡಬಹುದು. ‘ಚಿಗವ್ವ’ ಅಂದರೆ ಅವ್ವನ ತಂಗಿಯೂ ಹೌದು, ಕಾಕಾನ ಹೆಂಡತಿಯೂ ಹೌದು. ಮೊದಲನೆಯದು ರಕ್ತಸಂಬಂಧ, ಎರಡನೆಯದು ಸಾಮಾನ್ಯವಾಗಿ ಅಲ್ಲ. ‘ಅತ್ತಿ’ ಅಂದರೆ ಅಪ್ಪನ ಅಕ್ಕತಂಗಿಯೋ, ಸೋದರಮಾವನ ಹೆಂಡತಿಯೋ ಬಿಡಿಸಿ ಹೇಳಬೇಕು. ಸೋದರಮಾವನಿಗೇ ಕೊಟ್ಟ ಮನೆಯಾದರೆ ಅದನ್ನೂ ಮುಚ್ಚಿಡಬಾರದು. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಅಂಗದ ಕ್ಯಾನ್ಸರ್ ಎಂದು ಒಂದು ವಹಿಯಲ್ಲಿ ಬರೆದಿಟ್ಟರೆ ಅರ್ಧ ಕೆಲಸ ಆದಂತೆ.

ಪರೀಕ್ಷೆ ಮೊದಲು ಯಾರಿಗೆ?

ರಕ್ತ ಇಲ್ಲವೇ ಜೊಲ್ಲಿನಿಂದ ಪರೀಕ್ಷೆ ನಡೆಯುತ್ತದೆ. ಸಾಧ್ಯವಿದ್ದರೆ ರೋಗ ಬಂದವರಿಗೇ ಮೊದಲು ಮಾಡಬೇಕು. ಅವರಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಇದಕ್ಕೆ ಮುನ್ನ ತಜ್ಞರ ಸಲಹೆ ಬೇಕು. 18 ತುಂಬದವರಿಗೆ ಈ ಪರೀಕ್ಷೆ ಮಾಡುವುದಿಲ್ಲ. ಕೆಲವೊಮ್ಮೆ ‘ಅರ್ಥ ಸ್ಪಷ್ಟವಿಲ್ಲ’ ಎಂಬ ಉತ್ತರವೂ ಬರುತ್ತದೆ, ಅದನ್ನೇ ರೋಗವೆಂದು ಹೆದರಬೇಕಿಲ್ಲ.

ದೋಷ ಕಂಡರೆ 25ರಿಂದ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಅದರ ಜತೆ ಮ್ಯಾಮೋಗ್ರಾಂ ಮಾಡಿಸುವುದು ರೂಢಿ. ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವುದು, ರೋಗ ಬರುವ ಮುನ್ನವೇ ಸ್ತನ ತೆಗೆಸುವುದು ಇನ್ನುಳಿದ ದಾರಿಗಳು. ನಟಿ ಏಂಜಲಿನಾ ಜೋಲಿ 2013ರಲ್ಲಿ ಸ್ತನ ತೆಗೆಸಿಕೊಂಡ ವಿಷಯ ತಿಳಿಸಿದಾಗ ಜಗತ್ತೆಲ್ಲ ಈ ಬಗ್ಗೆ ಮಾತಾಡಿತು. ಆದರೆ ಎಲ್ಲರಿಗೂ ಅದೇ ದಾರಿ ಅಲ್ಲ. ನಿರ್ಧಾರ ಆಕೆಯದು, ಅವಸರ ಬೇಡ.

ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಹಳ್ಳಿ ಜನರ ಕ್ಯಾನ್ಸರ್ ಲೆಕ್ಕವಿಡುವ ದೇಶದ ಮೊದಲ ನೋಂದಣಿ 1987ರಲ್ಲಿ ಶುರುವಾದದ್ದೂ ಬಾರ್ಶಿಯಲ್ಲೇ. ವಂಶವಾಹಿ ಸಲಹೆಗೆ ಮುಂಬೈನ ಟಾಟಾ ಸ್ಮಾರಕ ಕೇಂದ್ರದಲ್ಲಿ ಪ್ರತ್ಯೇಕ ವಿಭಾಗವಿದೆ.

ಎದೆಯಲ್ಲಿ ಗಂಟು, ತೊಟ್ಟಿನಿಂದ ರಕ್ತ, ಚರ್ಮ ಒಳಸೇರುವುದು ಕಂಡರೆ ವಯಸ್ಸು ಚಿಕ್ಕದೆಂದು, ನೋವಿಲ್ಲವೆಂದು ತಡಮಾಡಬಾರದು. ಸಂಬಂಧ ಕೂಡಿಸುವಾಗ ತಲೆಮಾರುಗಳ ಹೆಸರು ತಪ್ಪದೆ ಹೇಳುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಅವರು ಯಾವ ಬ್ಯಾನಿಯಿಂದ ಹೋದರು ಎಂಬುದನ್ನೂ ಆ ಹಿರಿಯರು ಮೊಮ್ಮಕ್ಕಳಿಗೆ ಹೇಳಬೇಕು.