ಗರ್ಭಿಣಿಯ ಆರೋಗ್ಯ ಮತ್ತು ಸೂಕ್ಷ್ಮ ಖನಿಜಗಳು

ಗರ್ಭಿಣಿಯ ಆಹಾರವೆಂದೊಡನೆ ನಮಗೆ ನೆನಪಾಗುವುದು ಹಾಲು, ತುಪ್ಪ, ಹಣ್ಣುಹಂಪಲು. ಆದರೆ ತಾಯಿ ಮತ್ತು ಶಿಶುವಿನ ಕ್ಷೇಮವು ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವ ಕೆಲವು ಖನಿಜಗಳನ್ನೂ ಅವಲಂಬಿಸಿದೆ. ಕಬ್ಬಿಣ, ಸತು, ತಾಮ್ರ, ಸೆಲೆನಿಯಂ, ಮ್ಯಾಂಗನೀಸ್, ಅಯೋಡಿನ್ ಇವುಗಳಲ್ಲಿ ಮುಖ್ಯವಾದವು.

ನಾವು ಉಸಿರಾಡುವ ಆಮ್ಲಜನಕದಿಂದ ಜೀವಕೋಶಗಳು ಶಕ್ತಿಯನ್ನು ಪಡೆಯುವಾಗ ಫ್ರೀ ರ‍್ಯಾಡಿಕಲ್ ಎಂಬ ಅಸ್ಥಿರ ಕಣಗಳೂ ಹುಟ್ಟುತ್ತವೆ. ಇವು ಮಿತಿಮೀರಿದರೆ ಕೋಶಗಳಿಗೆ ಹಾನಿಯಾಗುತ್ತದೆ. ಈ ಸ್ಥಿತಿಗೆ ಉತ್ಕರ್ಷಣ ಒತ್ತಡವೆಂದು ಹೆಸರು. ಗರ್ಭಕಾಲದಲ್ಲಿ ಮಾಸು ಹೆಚ್ಚು ಆಮ್ಲಜನಕವನ್ನು ಬಳಸುವುದರಿಂದ ಈ ಕಣಗಳೂ ಹೆಚ್ಚುತ್ತವೆ. ಇವುಗಳನ್ನು ಶಮನಗೊಳಿಸುವ ಕಿಣ್ವಗಳು ದೇಹದಲ್ಲಿಯೇ ಇದ್ದು, ಅವು ಕೆಲಸ ಮಾಡಲು ಮೇಲಿನ ಖನಿಜಗಳು ಬೇಕು. ಒಂದು ಕಿಣ್ವಕ್ಕೆ ಸತು ಮತ್ತು ತಾಮ್ರ, ಇನ್ನೊಂದಕ್ಕೆ ಸೆಲೆನಿಯಂ, ಮತ್ತೊಂದಕ್ಕೆ ಕಬ್ಬಿಣ ಆಧಾರ. 20 ವಾರಗಳ ನಂತರ ರಕ್ತದೊತ್ತಡವು 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುವ ಗರ್ಭನಂಜಿನಲ್ಲಿ ಈ ಒತ್ತಡದ ಪಾತ್ರವಿದೆ.

ಹಾಗಾದರೆ ಇದನ್ನು ತಡೆಯುವ ಮಾತ್ರೆಗಳನ್ನು ನಾವೇ ಕೊಂಡು ಸೇವಿಸಬಹುದೇ? ಕೂಡದು. ವಿಟಮಿನ್ ಸಿ ಮತ್ತು ಇ ಮಾತ್ರೆಗಳನ್ನು ಕೊಟ್ಟು ನಡೆಸಿದ, 2006ರಲ್ಲಿ ಪ್ರಕಟವಾದ ಬ್ರಿಟನ್ ಮತ್ತು ಆಸ್ಟ್ರೇಲಿಯಾದ ದೊಡ್ಡ ಪ್ರಯೋಗಗಳಲ್ಲಿ ಗರ್ಭನಂಜು ಕಡಿಮೆಯಾಗಲಿಲ್ಲ. ಬ್ರಿಟನ್ನಿನ ಪ್ರಯೋಗದಲ್ಲಿ ಕಡಿಮೆ ತೂಕದ ಶಿಶುಗಳೇ ಹೆಚ್ಚಾದವು. ಖನಿಜಗಳೂ ಹಾಗೆಯೇ, ಕೊರತೆಯಂತೆ ಅತಿಯೂ ಹಾನಿಕರ.

ಆದರೆ ವೈದ್ಯರು ಕೊಡುವ ಕಬ್ಬಿಣದ ಮಾತ್ರೆಯನ್ನು ಬಿಡಲಾಗದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಆದ್ದರಿಂದಲೇ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವಿರುವ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನೀಡಲಾಗುತ್ತದೆ. ಇದರಿಂದ ಮಗು ಕಪ್ಪಾಗುತ್ತದೆ, ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತುಗಳಿಗೆ ಆಧಾರವಿಲ್ಲ. ಮಲ ಕಪ್ಪಾಗುವುದು ಸಹಜ. ವಾಕರಿಕೆಯಿದ್ದರೆ ರಾತ್ರಿ ಊಟದ ನಂತರ ಸೇವಿಸಬಹುದು. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು.

ಸಸ್ಯಾಹಾರಿಗಳಾದ ನಾವು ಇನ್ನೊಂದನ್ನು ಗಮನಿಸಬೇಕು. ಕಾಳು, ಧಾನ್ಯಗಳಲ್ಲಿರುವ ಫೈಟೇಟ್ ಎಂಬ ಅಂಶವು ಕಬ್ಬಿಣ ಮತ್ತು ಸತುವನ್ನು ದೇಹವು ಹೀರದಂತೆ ತಡೆಯುತ್ತದೆ. ಹೆಸರು, ಮಡಕೆ, ರಾಗಿಗಳನ್ನು ನೆನೆಸಿ ಮೊಳಕೆ ಬರಿಸಿದರೆ ಈ ತಡೆ ತಗ್ಗುತ್ತದೆ. ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಊಟದೊಡನೆ ಚಹಾ ಕುಡಿದರೆ ಸೇರುವುದಿಲ್ಲ. ಎಳ್ಳು, ಶೇಂಗಾ, ಕಡಲೆಗಳಲ್ಲಿ ಸತು ಮತ್ತು ತಾಮ್ರ ದೊರೆಯುತ್ತವೆ. ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಿ, ಮುಚ್ಚಿದ ಡಬ್ಬಿಯಲ್ಲಿಡಬೇಕು.

ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳ ಊತ, ಮೇಲುಹೊಟ್ಟೆಯ ನೋವು ಇವು ಗರ್ಭನಂಜಿನ ಸೂಚನೆಗಳು. ಇಂಥ ಸಮಯದಲ್ಲಿ ಮನೆಮದ್ದಿನಲ್ಲಿ ಕಾಲ ಕಳೆಯದೆ, ಗರ್ಭಿಣಿಯನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯುವುದು ಮನೆಯವರೆಲ್ಲರ ಹೊಣೆ.