ಉರಿಯೂತವೂ ಉನ್ಮಾದವೂ

ಉರಿಯೂತದ ಲಕ್ಷಣಗಳು ಕೆಂಪು, ಊತ, ಬಿಸಿ, ನೋವು ಎಂದು ರೋಮಿನ ಸೆಲ್ಸಸನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಎಣಿಸಿದ್ದನು. ಅವುಗಳಲ್ಲಿ ಎರಡನ್ನು ಬೆಸೆದು ಕನ್ನಡವು ಒಂದು ಪದವನ್ನು ಮಾಡಿಕೊಂಡಿದೆ. ಕಾಲಿಗೆ ಮುಳ್ಳು ನೆಟ್ಟಾಗ ಈ ಉರಿಯೂತವು ಕಣ್ಣಿಗೆ ಕಾಣುವುದು; ಮನಸ್ಸು ಕೆರಳಿದಾಗಲೂ ರಕ್ತದಲ್ಲಿ ಅದರ ಸುಳಿವು ದೊರೆಯುವುದೆಂಬುದು ಈಚಿನ ಶೋಧ.

ಕೆಲವು ಕಾಲ ಉನ್ಮಾದ, ಕೆಲವು ಕಾಲ ವಿಷಾದ, ಹೀಗೆ ತೂಗುಯ್ಯಾಲೆಯಾಡಿಸುವ ವ್ಯಾಧಿಗೆ ಬೈಪೋಲಾರ್ ಎಂದು ಹೆಸರು. ಉನ್ಮಾದದಲ್ಲಿ ನಿದ್ದೆ ಬಾರದು, ಮಾತು ನಿಲ್ಲದು, ಕೈಯಲ್ಲಿ ಹಣ ಉಳಿಯದು. ವಿಷಾದದಲ್ಲಿ ಹಾಸಿಗೆ ಬಿಟ್ಟೇಳುವುದೇ ಬೆಟ್ಟವೇರಿದಂತೆ. ಇಂಥ ಅನೇಕರ ರಕ್ತದಲ್ಲಿ, ವಿಶೇಷವಾಗಿ ಉನ್ಮಾದದ ಹೊತ್ತಿನಲ್ಲಿ, ಉರಿಯೂತವನ್ನು ಸೂಚಿಸುವ ಸಿ-ರಿಯಾಕ್ಟಿವ್ ಪ್ರೋಟೀನು ಮೊದಲಾದವು ಹೆಚ್ಚಿರುತ್ತವೆ. ಅದು ರೋಗದ ಕಾರಣವೋ ಪರಿಣಾಮವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಅಂಕೋಲೆಯ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನೋದಿ ಕೇಳಿದಳು: “ಸರ್, ಉರಿಯೂತವೇ ಮೂಲವಾದರೆ ನಮ್ಮಣ್ಣನಿಗೆ ಲಿಥಿಯಮ್ ಬಿಡಿಸಿ ನೋವಿನ ಗುಳಿಗೆ ಕೊಟ್ಟರಾಗದೆ?”

ಪ್ರಶ್ನೆ ಸಹಜವಾದುದು, ಆದರೆ ಹಾಗೆ ಮಾಡಲಾಗದು. ಪಾಕಿಸ್ತಾನದಲ್ಲಿ 266 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಉರಿಯೂತವನ್ನು ತಗ್ಗಿಸುವ ಮಿನೋಸೈಕ್ಲಿನ್, ಸೆಲೆಕಾಕ್ಸಿಬ್ ಔಷಧಗಳಿಂದ ಬೈಪೋಲಾರ್ ವಿಷಾದವು ಇಳಿಯಲಿಲ್ಲ. ಔಷಧವನ್ನು ಥಟ್ಟನೆ ಬಿಟ್ಟರೆ ಉನ್ಮಾದವು ಮರುಕಳಿಸಬಹುದು. ಬಿಡದೆ ಜೊತೆಗೆ ಗುಳಿಗೆ ನುಂಗಿದರೂ ಕೇಡೇ.

ಏಕೆಂದರೆ, 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಉನ್ಮಾದಕ್ಕೆ ಮದ್ದೆಂದು ತೋರಿಸಿದ ಲಿಥಿಯಮ್ ಕೂಡ ಒಂದು ಬಗೆಯ ಉಪ್ಪು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಅಂಕೋಲೆಗೆ ಉಪ್ಪಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ; ಈ ಉಪ್ಪಿಗಾದರೋ ಅಳತೆಯೇ ಪ್ರಾಣ. ಐಬುಪ್ರೊಫೆನ್‌ನಂಥ ಗುಳಿಗೆಗಳು ಮೂತ್ರಪಿಂಡದ ಮೂಲಕ ಅದು ಹೊರಹೋಗುವುದನ್ನು ತಗ್ಗಿಸಿ, ರಕ್ತದಲ್ಲಿ ಅದನ್ನು ವಿಷದ ಮಟ್ಟಕ್ಕೇರಿಸಬಲ್ಲವು. ಕಾರವಾರದ ಬೇಸಗೆಯಲ್ಲಿ ಬೆವರಿ, ಮೈಯ ನೀರೂ ಉಪ್ಪೂ ಬತ್ತಿದಾಗಲೂ ಅದೇ ಅಪಾಯ. ವಾಂತಿ, ಹೆಚ್ಚಿದ ಕೈನಡುಕ, ತೊದಲು, ತೂರಾಟ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನೆಟ್ಟಗಿರುವಾಗಲೂ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು.

ಹಾಗಾದರೆ ಈ ಶೋಧದಿಂದ ನಮಗೆ ಬಂದ ಲಾಭವೇನು? ಮದ್ದು ಇನ್ನೂ ಬಂದಿಲ್ಲ, ನಿಜ. ಆದರೆ ಮನೋವ್ಯಾಧಿಯು ರೋಗಿಯ ಹಟವೂ ಅಲ್ಲ, ತಾಯಿತಂದೆಯರ ಪಾಪವೂ ಅಲ್ಲ. ಅದರಲ್ಲಿ ಮೈಯ ಪಾಲೂ ಇದೆ ಎಂಬುದಕ್ಕೆ ರಕ್ತವೇ ಸಾಕ್ಷಿ ನುಡಿಯುತ್ತಿದೆ. ಹಿಂದೆ ಇಲ್ಲಿಯವರು ಘಟ್ಟ ಹತ್ತಿ ಧಾರವಾಡದ ಮಾನಸಿಕ ಆಸ್ಪತ್ರೆಗೆ ಹೋಗಬೇಕಾಗಿತ್ತು. ಇಂದು ಕಾರವಾರದಲ್ಲಿಯೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416ರಲ್ಲಿ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು. ಜ್ವರ ಬಂದವನನ್ನು ಬಯ್ಯದ ನಾವು ಉನ್ಮಾದ ಬಂದವನನ್ನು ಮಾತ್ರ ಏಕೆ ಬಯ್ಯಬೇಕು?