ನೆಲದ ಅಳತೆಗೆ ಎರಡನೇ ಸಾಕ್ಷಿ

ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳಿಂದ ಬಂದಷ್ಟೇ ಹೆಸರು ಬಾಗಿಲುಗಳಿಂದಲೂ ಬಂದಿದೆ. ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದ ಮಗ್ಗುಲಲ್ಲಿ ಸೇರುವ ಈ ಜಾತ್ರೆಯಲ್ಲಿ ಕೆತ್ತನೆಯ ಬಾಗಿಲು, ಚೌಕಟ್ಟುಗಳ ವ್ಯಾಪಾರ ಜೋರು. ಮನೆ ಕಟ್ಟುವ ವಿಚಾರವಿದ್ದವರು ಮರ ಬಡಿದು ನೋಡಿ, ಚೌಕಾಶಿ ಮಾಡಿ ಕೊಂಡೊಯ್ಯುತ್ತಾರೆ. ಆದರೆ ಆ ಬಾಗಿಲು ನೆಟ್ಟಗೆ ನಿಲ್ಲಬೇಕಾದರೆ ಅದಕ್ಕಿಂತ ಮೊದಲು ನೆಲಕ್ಕೆ ಮೂರು ಪ್ರಶ್ನೆ ಕೇಳಬೇಕು. ಜಾಗ ಎಲ್ಲಿಂದ ಎಲ್ಲಿಯವರೆಗೆ? ಮೂಲೆಗಳು ಸರಿಯಾಗಿವೆಯೆ? ನೆಲದ ಮಟ್ಟ ಎಷ್ಟು?

ಉದ್ದ, ಕೋನ, ಎತ್ತರ. ಮೋಜಣಿ ವಿದ್ಯೆಯೆಲ್ಲ ಈ ಮೂರರಲ್ಲಿ ಅಡಗಿದೆ. ಉಪಕರಣಗಳು ಕಾಲಕಾಲಕ್ಕೆ ಬದಲಾಗಿವೆ. ಬದಲಾಗದೆ ಉಳಿದಿರುವುದು ಒಂದೇ ನಿಯಮ. ಒಮ್ಮೆ ಅಳೆದದ್ದನ್ನು ನಂಬಬಾರದು, ಅದನ್ನೇ ಇನ್ನೊಂದು ದಾರಿಯಿಂದ ಅಳೆದು ತಾಳೆ ನೋಡಬೇಕು. ಅಳತೆಗೆ ಎರಡನೇ ಸಾಕ್ಷಿ ಬೇಕು ಎಂಬ ಈ ಮಾತನ್ನು ಮರೆತಲ್ಲೆಲ್ಲ ಬದುವಿನ ಜಗಳ, ಸೊಟ್ಟ ಗೋಡೆ, ಮನೆಯೊಳಗೆ ನೀರು.

ಚೌಕದ ಪರೀಕ್ಷೆ

ಬನಶಂಕರಿ ಗುಡಿಯ ಮುಂದಿನ ಹರಿದ್ರಾತೀರ್ಥವನ್ನೇ ನೋಡಬಹುದು. ಮೂರು ಕಡೆ ಕಲ್ಲಿನ ಮಂಟಪಗಳಿಂದ ಸುತ್ತುವರಿದ ಈ ಹೊಂಡ ಸುಮಾರು 360 ಅಡಿ ಉದ್ದ, ಅಷ್ಟೇ ಅಗಲ. ಇಷ್ಟು ದೊಡ್ಡ ಚೌಕವನ್ನು ನೆಲದ ಮೇಲೆ ಹಾಕುವುದು ಹೇಗೆ? ನಾಲ್ಕೂ ಬದಿ 360 ಅಡಿ ಬಂದರೆ ಸಾಕೆಂದು ಅನ್ನಿಸಬಹುದು. ಸಾಲದು. ಮಂಚದ ಕಟ್ಟು ಸಡಿಲವಾಗಿ ವಾಲಿದಾಗ ಅದರ ನಾಲ್ಕು ಪಟ್ಟಿಗಳ ಉದ್ದ ಬದಲಾಗಿರುವುದಿಲ್ಲ, ಆಕಾರ ಮಾತ್ರ ಕೆಟ್ಟಿರುತ್ತದೆ. ನೆಲದ ಮೇಲಿನ ಚೌಕವೂ ಹೀಗೆಯೇ ವಾಲಬಹುದು. ಅದನ್ನು ಹಿಡಿಯುವುದು ಕರ್ಣ. ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದರೆ ಎರಡೂ ಕರ್ಣಗಳು ಸಮನಾಗಬೇಕು. 360 ಅಡಿಯ ಚೌಕದಲ್ಲಿ ಅವು 509 ಅಡಿ ಒಂದೂವರೆ ಅಂಗುಲದಷ್ಟು ಬರಬೇಕು. ಒಂದು ಉದ್ದ, ಇನ್ನೊಂದು ಗಿಡ್ಡವಾದರೆ ಚೌಕ ವಾಲಿದೆ ಎಂದೇ ಅರ್ಥ.

ಗವಂಡಿಗಳು ಮೂಲೆ ಹಾಕುವ ಮೂರು-ನಾಲ್ಕು-ಐದರ ಲೆಕ್ಕ ಇದರ ತಮ್ಮ. ಮೂಲೆಯ ಗೂಟದಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಎರಡು ಗುರುತುಗಳ ನಡುವೆ 5 ಅಡಿ ಬಂದರೆ ಮೂಲೆ ನೇರ. ಯಜ್ಞವೇದಿಕೆಗಳ ಅಳತೆ ಹೇಳುವ ಶುಲ್ಬಸೂತ್ರಗಳಲ್ಲಿಯೂ ಈ ಗಣಿತವಿದೆ. ಸಣ್ಣ ಅಳತೆಯಲ್ಲಿ ಅರ್ಧ ಅಂಗುಲ ತಪ್ಪಿದರೂ ಗೋಡೆ ಮುಂದಕ್ಕೆ ಹೋದಂತೆ ತಪ್ಪು ಬೆಳೆಯುತ್ತದೆ. ಆದ್ದರಿಂದ ಅನುಭವಿಗಳು 9, 12, 15 ಅಡಿಯ ದೊಡ್ಡ ತ್ರಿಕೋನವನ್ನೇ ಹಾಕುತ್ತಾರೆ. ಇನ್ನೊಂದು ಸ್ವಾರಸ್ಯವಿದೆ. ಊರೂರಿಗೂ ಪರಿಚಿತವಾದ ಮೂವತ್ತು-ನಲವತ್ತರ ನಿವೇಶನಕ್ಕೆ ಕರ್ಣ ಸರಿಯಾಗಿ 50 ಅಡಿ. ನಿವೇಶನ ಕೊಳ್ಳುವ ಯಾರಾದರೂ ಒಂದು ಟೇಪು ಹಿಡಿದು ಐದು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದು.

ಗಳೆಯಿಂದ ಸರಪಳಿಗೆ

ಅಳತೆಗೆ ಎರಡನೇ ಸಾಕ್ಷಿ ಕೇಳುವ ಪದ್ಧತಿ ಈ ನಾಡಿನಲ್ಲಿ ಹಳೆಯದು. ಕನ್ನಡ ಶಾಸನಗಳಲ್ಲಿ ದಾನದ ಭೂಮಿಯನ್ನು ಮತ್ತರು, ಕಮ್ಮಗಳ ಲೆಕ್ಕದಲ್ಲಿ ಹೇಳುತ್ತಾರೆ. ಅಳೆದ ಗಳೆ ಅಥವಾ ಕೋಲು ಊರಿಂದೂರಿಗೆ ಬೇರೆ ಇದ್ದುದರಿಂದ ಎಷ್ಟೋ ಶಾಸನಗಳು ಯಾವ ಕೋಲಿನಿಂದ ಅಳೆದದ್ದು ಎಂಬುದನ್ನೂ ಹೆಸರಿಸುತ್ತವೆ. ಅಲ್ಲಿಗೂ ನಿಲ್ಲದೆ ಮೂಡಲಿಗೆ ಕೆರೆ, ತೆಂಕಲಿಗೆ ಕಲ್ಲು ಎಂದು ನಾಲ್ಕು ಎಲ್ಲೆಗಳನ್ನು ಹೇಳುವುದುಂಟು. ಇಂದಿನ ಖರೀದಿ ಪತ್ರದಲ್ಲಿ ಎಕರೆ-ಗುಂಟೆಯ ಜೊತೆಗೆ ಚಕ್ಕುಬಂದಿ ಬರೆಯುವುದು ಇದೇ ಕಾರಣಕ್ಕೆ. ಅಂಕಿ ಒಂದು ಸಾಕ್ಷಿ, ಎಲ್ಲೆ ಇನ್ನೊಂದು.

ಬಾದಾಮಿ ಸೀಮೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಪುಣೆ ಜಿಲ್ಲೆಯ ಇಂದಾಪುರದಲ್ಲಿ ಆರಂಭಿಸಿದ ಕಂದಾಯ ಮೋಜಣಿ ಮುಂದೆ ಇಲ್ಲಿಗೂ ಬಂತು. ಅದರೊಡನೆ ಬಂದದ್ದು 33 ಅಡಿಯ ಕಬ್ಬಿಣದ ಸರಪಳಿ. ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರಲ್ಲಿ ರೂಪಿಸಿದ 66 ಅಡಿ ಸರಪಳಿಯ ಅರ್ಧ ಅದು. ರೂಪಾಯಿಗೆ 16 ಆಣೆ ಇದ್ದಂತೆ ಇದನ್ನೂ 16 ಆಣೆಗಳಾಗಿ ಭಾಗಿಸಿದರು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇರುವ ನೆಲವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಹರಿದ್ರಾತೀರ್ಥವನ್ನು ಈ ಲೆಕ್ಕಕ್ಕೆ ಇಳಿಸಿದರೆ ಸುಮಾರು 119 ಗುಂಟೆ, ಮೂರು ಎಕರೆಗೆ ಒಂದೇ ಗುಂಟೆ ಕಡಿಮೆ!

ಹೊಲ ಹೊಂಡದಂತೆ ಚೌಕವಾಗಿರುವುದಿಲ್ಲ. ಆದ್ದರಿಂದ ಮೋಜಣಿದಾರ ಹೊಲದ ನಡುವೆ ಒಂದು ಉದ್ದನೆಯ ಆಧಾರರೇಖೆ ಎಳೆಯುತ್ತಾನೆ. ಬದುವಿನ ಪ್ರತಿ ತಿರುವಿನಿಂದಲೂ ಆ ರೇಖೆಗೆ ಲಂಬವಾಗಿ ಅಳತೆ ಹಿಡಿಯುತ್ತಾನೆ. ಲಂಬ ಸರಿಯಾಗಿದೆಯೆ ಎಂದು ನೋಡಲು ಕ್ರಾಸ್ ಸ್ಟಾಫ್ ಎಂಬ ಸರಳ ಸಾಧನ ಸಾಕು. ಕೋಲಿನ ತುದಿಯಲ್ಲಿ ಒಂದಕ್ಕೊಂದು ಅಡ್ಡಲಾಗಿ ಎರಡು ಸೀಳುಗಂಡಿ ಇರುತ್ತವೆ. ಹೀಗೆ ಹೊಲ ತ್ರಿಕೋನಗಳಾಗಿ, ಪಟ್ಟಿಗಳಾಗಿ ಒಡೆಯುತ್ತದೆ. ಒಂದೊಂದರ ಕ್ಷೇತ್ರ ತೆಗೆದು ಕೂಡಿಸಿದರೆ ಸರ್ವೆ ನಂಬರಿನ ವಿಸ್ತೀರ್ಣ. ಅಳತೆಯ ನಕ್ಷೆ ಟಿಪ್ಪಣಿ ಪುಸ್ತಕಕ್ಕೆ ಹೋದರೆ ಮೂಲೆಗಳಲ್ಲಿ ಬಾಂದು ಕಲ್ಲು ನಿಲ್ಲುತ್ತದೆ. ಮುಂದೊಂದು ದಿನ ಕಲ್ಲು ಸರಿದರೆ ಟಿಪ್ಪಣಿ ಹೇಳುತ್ತದೆ, ಟಿಪ್ಪಣಿಯ ಅಂಕಿ ಸಂಶಯವಾದರೆ ಕಲ್ಲು ಹೇಳುತ್ತದೆ.

ಸರಪಳಿಗೂ ದೋಷವುಂಟು. ಎಳೆದೆಳೆದು ಕೊಂಡಿ ಸವೆದರೆ ಅದು ಉದ್ದವಾಗುತ್ತದೆ. 33 ಅಡಿಯ ಸರಪಳಿ ಎರಡೇ ಅಂಗುಲ ಬೆಳೆದಿತ್ತೆನ್ನಿ. ಐದು ಎಕರೆಯ ಹೊಲ ಕಾಗದದ ಮೇಲೆ ಎರಡು ಗುಂಟೆ ಕಡಿಮೆ ಬರುತ್ತದೆ. ಯಾರೂ ಕದ್ದಿಲ್ಲ, ಯಾರೂ ಸುಳ್ಳು ಹೇಳಿಲ್ಲ. ಆದರೂ ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಆ ಎರಡು ಗುಂಟೆ ವರ್ಷಗಟ್ಟಲೆ ಕೋರ್ಟಿಗೆ ಅಲೆಸಬಲ್ಲದು. ಅದಕ್ಕೇ ಕೆಲಸಕ್ಕೆ ಮುನ್ನ ಸರಪಳಿಯನ್ನು ಪ್ರಮಾಣಿತ ಅಳತೆಗೆ ಹೋಲಿಸಿ ನೋಡಬೇಕೆಂಬ ಕಟ್ಟುಪಾಡು. ಬಾದಾಮಿಯಂಥ ಗುಡ್ಡದ ಸೀಮೆಯಲ್ಲಿ ಮತ್ತೊಂದು ಎಚ್ಚರ ಬೇಕು. ದಾಖಲೆಯ ವಿಸ್ತೀರ್ಣ ಇಳಿಜಾರಿನದ್ದಲ್ಲ, ಸಮತಲದ್ದು. 100 ಅಡಿ ಇಳಿಜಾರಿನಲ್ಲಿ ನೆಲ 14 ಅಡಿ ಏರಿದ್ದರೆ ಲೆಕ್ಕಕ್ಕೆ ಬರುವುದು 99 ಅಡಿ ಮಾತ್ರ.

ಇಡೀ ದೇಶವನ್ನು ಅಳೆದಾಗಲೂ ಇದೇ ನಿಯಮ ನಡೆಯಿತು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆಸಿದ. ಅಲ್ಲಿಂದ ಅರ್ಧ ಟನ್ ತೂಕದ ಥಿಯೋಡಲೈಟಿನಿಂದ ಕೋನಗಳನ್ನು ಮಾತ್ರ ನೋಡುತ್ತ ತ್ರಿಕೋನಗಳ ಸರಣಿಯಲ್ಲಿ ಬೆಂಗಳೂರಿನವರೆಗೆ ಬಂದ. 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಇನ್ನೊಂದು ರೇಖೆಯನ್ನು ನೆಲದ ಮೇಲೆಯೇ ಅಳೆಸಿ, ಲೆಕ್ಕದಿಂದ ಬಂದ ಉದ್ದದೊಡನೆ ಹೋಲಿಸಲಾಯಿತು. ವ್ಯತ್ಯಾಸ ಸುಮಾರು ನಾಲ್ಕು ಅಂಗುಲ!

ಕಣ್ಣಿಗೆ ಕಾಣದ ಇಳಿಜಾರು

ಉದ್ದ ಮತ್ತು ಕೋನದ ತಪ್ಪು ಜಗಳ ತರುತ್ತದೆ. ಎತ್ತರದ ತಪ್ಪು ನೀರನ್ನೇ ತರುತ್ತದೆ. ಚೊಳಚಗುಡ್ಡದ ಬಳಿ ಹರಿಯುವ ಮಲಪ್ರಭೆ ಬೇಸಿಗೆಯಲ್ಲಿ ಬಡಕಲು ಹೊಳೆ. ಅದೇ ಹೊಳೆ 2009ರಲ್ಲಿ, ಮತ್ತೆ 2019ರಲ್ಲಿ ಉಕ್ಕಿ ಬಾದಾಮಿ ತಾಲ್ಲೂಕಿನ ದಂಡೆಯ ಊರುಗಳನ್ನು ಹೊಕ್ಕಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂತು. ಇಂಥ ಕಡೆ ಮನೆ ಕಟ್ಟುವವನಿಗೆ ನೆಲ ಸಪಾಟಾಗಿ ಕಂಡರೆ ಸಾಲದು. ಕಣ್ಣಿಗೆ ಎರಡು ಅಡಿಯ ಇಳಿಜಾರೂ ತಿಳಿಯುವುದಿಲ್ಲ.

ಗವಂಡಿಯ ರಸಮಟ್ಟ ಒಂದು ಗೋಡೆಗೆ ಸಾಕು. ನೀರು ತುಂಬಿದ ಪಾರದರ್ಶಕ ಪೈಪು ಒಂದು ಮನೆಗೆ ಸಾಕು. ಎರಡೂ ತುದಿಯ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಳಗೆ ಗಾಳಿಗುಳ್ಳೆ ಸಿಕ್ಕಿರಬಾರದು, ಅಷ್ಟೆ. ದೂರದ ಕೆಲಸಕ್ಕೆ ಲೆವೆಲ್ ಯಂತ್ರ ಬೇಕು. 1832ರಲ್ಲಿ ಇಂಗ್ಲೆಂಡಿನ ವಿಲಿಯಂ ಗ್ರಾವೆಟ್ ರೂಪಿಸಿದ ಡಂಪಿ ಲೆವೆಲ್ ಮೂಲತಃ ಮೂರುಕಾಲಿನ ಮೇಲೆ ಕೂರಿಸಿದ ದುರ್ಬೀನು. ಗುಳ್ಳೆ ನಡುವೆ ನಿಂತರೆ ಅದರ ನೋಟದ ಗೆರೆ ಸಮತಲ. ಗುರುತು ಹಾಕಿದ ಅಳತೆಪಟ್ಟಿಯನ್ನು ದೂರದಲ್ಲಿ ನಿಲ್ಲಿಸಿ, ಆ ಗೆರೆ ಎಲ್ಲಿ ಮುಟ್ಟುತ್ತದೆಂದು ಓದುವುದೇ ಕೆಲಸ.

ಒಂದು ಉದಾಹರಣೆ ನೋಡೋಣ. ಊರ ಗುಡಿಯ ಮೆಟ್ಟಿಲನ್ನು 100 ಮೀಟರ್ ಎತ್ತರವೆಂದು ಇಟ್ಟುಕೊಳ್ಳಿ. ಅಲ್ಲಿಟ್ಟ ಪಟ್ಟಿಯ ಮೇಲೆ 1.25 ಮೀಟರ್ ಓದು ಬಂದರೆ ಯಂತ್ರದ ನೋಟದ ಗೆರೆ 101.25ರಲ್ಲಿದೆ. ಮನೆಯ ಜಾಗದಲ್ಲಿ ಪಟ್ಟಿ ನಿಲ್ಲಿಸಿದಾಗ 2.10 ಬಂತು. ಹಾಗಾದರೆ ಜಾಗದ ಎತ್ತರ 99.15. ಹಿಂದಿನ ಪ್ರವಾಹ ಗುಡಿಯ ಗೋಡೆಯ ಮೇಲೆ ಬಿಟ್ಟ ಕೆಸರಿನ ಗೆರೆ ಮೆಟ್ಟಿಲಿಗಿಂತ ಅರ್ಧ ಮೀಟರ್ ಮೇಲಿದ್ದರೆ ಅದು 100.50. ಅಂದರೆ ಈ ಜಾಗದಲ್ಲಿ ಅಂದು 1.35 ಮೀಟರ್, ಹೆಚ್ಚುಕಡಿಮೆ ನಾಲ್ಕೂವರೆ ಅಡಿ ನೀರು ನಿಂತಿತ್ತು. ಎರಡು ಅಡಿ ತಳಪಾಯ ಎತ್ತರಿಸಿ ಗೃಹಪ್ರವೇಶ ಮಾಡಿದವನ ಮನೆಯಲ್ಲಿ ಮುಂದಿನ ಅಂಥ ನೆರೆ ಎರಡೂವರೆ ಅಡಿ ನಿಲ್ಲುತ್ತದೆ. ಎರಡು ಓದು, ಒಂದು ಕೂಡುವುದು, ಒಂದು ಕಳೆಯುವುದು. ಇಷ್ಟರಲ್ಲಿ ಇದು ಮೊದಲೇ ತಿಳಿಯುತ್ತಿತ್ತು.

ಇಲ್ಲಿಯೂ ಎರಡನೇ ಸಾಕ್ಷಿ ಬೇಕು. ಮೆಟ್ಟಿಲಿನಿಂದ ಹೊರಟು ಜಾಗ ನೋಡಿ ಬೇರೆ ದಾರಿಯಲ್ಲಿ ಮತ್ತೆ ಮೆಟ್ಟಿಲಿಗೇ ಬರಬೇಕು. ಹೊರಟ ಅಂಕಿಯೇ ಮರಳಿ ಬಂದರೆ ಕೆಲಸ ಸರಿ. ಯಂತ್ರವನ್ನು ಎರಡು ಬಿಂದುಗಳ ನಟ್ಟನಡುವೆ ಇಟ್ಟರೆ ಅದರ ಸ್ವಂತ ದೋಷವೂ ಎರಡು ಕಡೆ ಸಮನಾಗಿ ಬಿದ್ದು ಕಳೆದುಹೋಗುತ್ತದೆ.

519.6ರ ಗೆರೆ

ಊರ ಮೆಟ್ಟಿಲನ್ನು 100 ಎಂದು ಭಾವಿಸುವುದು ಒಂದು ಊರಿಗೆ ಸರಿ. ನದಿಯುದ್ದಕ್ಕೂ, ರಾಜ್ಯರಾಜ್ಯಗಳ ನಡುವೆ ಎತ್ತರ ಹೋಲಿಸಲು ಎಲ್ಲರೂ ಒಪ್ಪುವ ಸೊನ್ನೆ ಬೇಕು. ಅದು ಸರಾಸರಿ ಸಮುದ್ರಮಟ್ಟ. 1909ರಲ್ಲಿ ಭಾರತದ ಎತ್ತರಗಳನ್ನು ಹೊಂದಿಸಿದಾಗ ಆಧಾರವಾದ ಒಂಬತ್ತು ಬಂದರುಗಳ ಉಬ್ಬರವಿಳಿತದ ದಾಖಲೆಗಳಲ್ಲಿ ಕಾರವಾರದ್ದೂ ಒಂದು.

ಈ ಸೊನ್ನೆಯ ಬೆಲೆ ಬಾಗಲಕೋಟೆ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು. ಕೃಷ್ಣೆಗೆ ಅಡ್ಡಲಾದ ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.6 ಮೀಟರ್. ಆ ಎತ್ತರದ ಬಿಂದುಗಳನ್ನೆಲ್ಲ ಸೇರಿಸಿ ಎಳೆದ ಗೆರೆಯ ಕೆಳಗಿದ್ದುದು ಮುಳುಗಡೆ. ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಓಣಿಗಳು ಆ ಗೆರೆಯೊಳಗೆ ಬಂದವು, ನವನಗರ ಎದ್ದಿತು. 2010ರ ಡಿಸೆಂಬರಿನಲ್ಲಿ ಎರಡನೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಈ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಹೆಚ್ಚಳ ಕೇಳಲು ನಾಲ್ಕೂವರೆ ಮೀಟರಿಗಿಂತ ತುಸು ಹೆಚ್ಚು. ಆದರೆ 200 ಮೀಟರಿಗೆ ಒಂದು ಮೀಟರ್ ಏರುವ ಸಮನೆಲದಲ್ಲಿ ಅದು ನೀರಿನ ಅಂಚನ್ನು 900 ಮೀಟರಿಗೂ ಹೆಚ್ಚು ಮುಂದಕ್ಕೆ ತರುತ್ತದೆ. ಅಂಥ ನೆಲದಲ್ಲಿ ಮಟ್ಟ ಹಿಡಿಯುವವನು ಒಂದು ಗೇಣಿಗಿಂತ ಕಡಿಮೆ, ಹತ್ತೇ ಸೆಂಟಿಮೀಟರ್ ತಪ್ಪಿದರೂ ಗೆರೆ 20 ಮೀಟರ್ ಸರಿಯುತ್ತದೆ. ಒಬ್ಬನ ಮನೆ ಪರಿಹಾರದ ಪಟ್ಟಿಗೆ ಬರುವುದೋ ಬಿಡುವುದೋ ಎಂಬುದು ಆ ಓದಿನ ಮೇಲೆ ನಿಂತಿರುತ್ತದೆ.

ಯಂತ್ರ ಹೊಸದು, ನಿಯಮ ಹಳೆಯದು

ಈಗ ಸರಪಳಿಯ ಜಾಗಕ್ಕೆ ಟೋಟಲ್ ಸ್ಟೇಷನ್ ಬಂದಿದೆ. ಬೆಳಕಿನ ಕಿರಣ ಕಳಿಸಿ ದೂರವನ್ನೂ ಕೋನವನ್ನೂ ಒಟ್ಟಿಗೆ ಹೇಳುತ್ತದೆ. ಉಪಗ್ರಹದಿಂದ ಸ್ಥಾನ ಹಿಡಿಯುವ ಜಿಪಿಎಸ್ ಬಂದಿದೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣಾ ಜಾಗಗಳನ್ನು ಡ್ರೋನಿನಿಂದ ಅಳೆಯಲಾಗಿದೆ. ಕೆಲಸ ಬೇಗ, ಅಂಕಿ ಸೂಕ್ಷ್ಮ. ಆದರೆ ಉಪಗ್ರಹ ನೇರವಾಗಿ ಕೊಡುವ ಎತ್ತರ ಸಮುದ್ರಮಟ್ಟದ ಎತ್ತರವಲ್ಲ. ದಕ್ಷಿಣ ಭಾರತದಲ್ಲಿ ಎರಡರ ನಡುವೆ ಹತ್ತಾರು ಮೀಟರ್ ವ್ಯತ್ಯಾಸವಿದೆ. ಅದನ್ನು ಸರಿಪಡಿಸದೆ ನಂಬಿದರೆ ಸವೆದ ಸರಪಳಿಗಿಂತ ದೊಡ್ಡ ಅನರ್ಥ. ಡ್ರೋನಿಗೆ ಗೋಡೆ ಕಾಣುತ್ತದೆ, ಗೋಡೆ ಯಾರದೆಂಬುದು ಕಾಣುವುದಿಲ್ಲ. ಅದಕ್ಕೆ ಓಣಿಯ ಜನರ ಮುಂದೆ ಗುರುತು ಮಾಡಲೇಬೇಕು.

ಮನೆ ಕಟ್ಟಿಸುವವರು ಯಂತ್ರ ಕಲಿಯಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆ ನಾಲ್ಕೇ. ಬಾಂದು ಕಲ್ಲು ಮತ್ತು ನಕ್ಷೆ ತಾಳೆಯಾಗುತ್ತವೆಯೆ? ಎರಡೂ ಕರ್ಣ ಸಮ ಬಂದವೆ? ಎತ್ತರವನ್ನು ಯಾವ ಗುರುತಿನಿಂದ ಹಿಡಿದಿರಿ? ಹೊರಟ ಗುರುತಿಗೆ ಮರಳಿ ಬಂದಾಗ ಎಷ್ಟು ಬಂತು? ಇವಕ್ಕೆ ತಡವರಿಸದೆ ಉತ್ತರ ಕೊಡುವ ಮೋಜಣಿದಾರ ಸಿಕ್ಕರೆ ಗುದ್ದಲಿ ಪೂಜೆಗೆ ದಿನ ನೋಡಬಹುದು.